ಜಮೀನು ಕೊಟ್ಟೋರು ಯಾರು ಅಂತ ಕೇಳಿದರೆ

ಗೇಣಿ ಜಮೀನು ನಿಮ್ಮ ಮನೆಯ ಹೆಸರಿಗೆ ಹೇಗೆ ಬಂತು ಅಂತ ಮಲೆನಾಡಿನಲ್ಲೋ ಕರಾವಳಿಯಲ್ಲೋ ವಯಸ್ಸಾದವರನ್ನು ಕೇಳಿ ನೋಡಿ. ಬಹಳ ಮಂದಿ ಹೇಳುವುದು ಒಂದೇ ಮಾತು: ‘ಇಂದಿರಮ್ಮ ಕೊಟ್ಟಿದ್ದು.’ ವರದಿಗೆ ಅಂತ ಊರೂರು ಸುತ್ತುವ ನಮಗೆ ಈ ಮಾತು ಎಷ್ಟು ಸಲ ಕಿವಿಗೆ ಬಿದ್ದಿದೆಯೋ ಲೆಕ್ಕವಿಲ್ಲ. ಕೆಲವು ಮನೆಗಳಲ್ಲಿ ದೇವರ ಪಟಗಳ ಸಾಲಿನಲ್ಲೇ ಇಂದಿರಾ ಗಾಂಧಿ ಫೋಟೋ ಇದೆ. ದೇವರಾಜ ಅರಸು ಫೋಟೋ ಇಟ್ಟುಕೊಂಡ ಮನೆ ನಮಗೆ ಸಿಕ್ಕಿದ್ದು ಕಡಿಮೆ.

ಹಿರಿಯರ ಆ ಮಾತನ್ನು ಸುಳ್ಳು ಅಂತ ತಳ್ಳಿಹಾಕುವ ಹಾಗೂ ಇಲ್ಲ. 1971ರಲ್ಲಿ ‘ಗರೀಬಿ ಹಟಾವೊ’ ಅಂತ ಹೇಳಿ ದೇಶ ಗೆದ್ದವರು ಇಂದಿರಾ. 1972ರಲ್ಲಿ ಅರಸು ಮುಖ್ಯಮಂತ್ರಿ ಆದದ್ದು ಅವರ ಬೆಂಬಲದಿಂದಲೇ. ಭೂಮಿತಿ ಕಾನೂನು ಬಿಗಿ ಮಾಡಿ ಅಂತ ದಿಲ್ಲಿಯಿಂದ ರಾಜ್ಯಗಳಿಗೆ ಸೂಚನೆ ಹೋಗಿತ್ತು. 1975ರ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲೂ ಅದು ಸೇರಿತ್ತು. ಆದರೆ ಆ ಸೂಚನೆ ಎಲ್ಲ ರಾಜ್ಯಕ್ಕೂ ಒಂದೇ, ಗೋಡೆ ಮೇಲಿನ ಫೋಟೋನೂ ಒಂದೇ. ಬಿಹಾರದಲ್ಲೂ ಅದೇ ಪೋಸ್ಟರ್ ಅಂಟಿಸಿದ್ದರು, ಅದೇ ಪಕ್ಷದ ಸರ್ಕಾರ ಇತ್ತು. ಅಲ್ಲಿ ಪಾಲಿಗೆ ಉಳುತ್ತಿದ್ದವರ ಕೈಗೆ ನಮ್ಮಲ್ಲಿ ಆದ ಹಾಗೆ ಜಮೀನು ಬರಲಿಲ್ಲ. ಕೇರಳದಲ್ಲಿ ಇಂದಿರಾ ಪಕ್ಷದವರಲ್ಲದ ಅಚ್ಯುತ ಮೆನನ್ ಮುಖ್ಯಮಂತ್ರಿ ಆಗಿದ್ದಾಗ, 1970ರಲ್ಲೇ, ಗೇಣಿ ಪದ್ಧತಿ ಹೋಯಿತು. ಭೂಮಿ ರಾಜ್ಯದ ಕೈಲಿರುವ ವಿಷಯ. ಕಾನೂನು ಬರೆಯೋದೂ ವಿಧಾನಸೌಧದಲ್ಲೇ, ಕೆಡಿಸೋದೂ ಅಲ್ಲೇ.

ನಮ್ಮಲ್ಲಿ ಏನಾಯಿತು ಅನ್ನೋದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಶಾಲೆ ಪಾಠದಲ್ಲಿ ‘ಉಳುವವನೇ ಹೊಲದೊಡೆಯ’ ಅಂತ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. 1961ರ ಭೂ ಸುಧಾರಣೆ ಕಾಯ್ದೆಗೆ ಅರಸು ಸರ್ಕಾರ ದೊಡ್ಡ ತಿದ್ದುಪಡಿ ತಂದು 1974ರ ಮಾರ್ಚ್ 1ರಿಂದ ಜಾರಿ ಮಾಡಿತು. ಗೇಣಿಗೆ ಇದ್ದ ಜಮೀನೆಲ್ಲ ಅವತ್ತಿನಿಂದ ಸರ್ಕಾರದ್ದು ಅಂತ ಕಾನೂನೇ ಹೇಳಿತು. ಉಳುತ್ತಿದ್ದವರು ಫಾರಂ 7 ತುಂಬಿ ಕೊಡಬೇಕು. ಕರಾವಳಿ ಕಡೆ ಇವತ್ತಿಗೂ ‘ಡಿಕ್ಲರೇಶನ್ ಹಾಕಿದ್ದು’ ಅನ್ನೋದು ಇದನ್ನೇ. ಸಿವಿಲ್ ಕೋರ್ಟಿಗೆ ಹೋದರೆ ವಕೀಲರ ಫೀಸಿಗೇ ಬಡವ ಸೋಲುತ್ತಾನೆ. ಅದಕ್ಕೇ ಈ ಅರ್ಜಿಗಳನ್ನು ಭೂ ನ್ಯಾಯಮಂಡಳಿಗಳ ಕೈಗೆ ಕೊಟ್ಟರು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ವಕೀಲರಿಗೆ ಅಲ್ಲಿ ವಾದ ಮಾಡಲು ಅವಕಾಶ ಇರಲಿಲ್ಲ. ಧಣಿಯೂ ಒಕ್ಕಲೂ ಎದುರುಬದುರು ನಿಂತು ತಮ್ಮ ಬಾಯಲ್ಲೇ ಹೇಳಬೇಕು. ಅಂಗಳದಲ್ಲಿ ತಲೆ ತಗ್ಗಿಸಿ ನಿಂತು ಗೇಣಿ ಅಳೆದು ಕೊಟ್ಟು ರೂಢಿಯಾದವರಿಗೆ ಅದು ಸಣ್ಣ ವಿಷಯ ಅಲ್ಲ.

ಅರ್ಜಿಯ ಕೊನೇ ದಿನ ಮುಂದೆ ಹೋಗುತ್ತಾ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಅಷ್ಟರಲ್ಲಿ ಬಂದ ಅರ್ಜಿ ಸುಮಾರು 8 ಲಕ್ಷ. ಗೆದ್ದವರಿಗೆ ತಹಶೀಲ್ದಾರರು ಫಾರಂ 10 ಅಂತ ಒಂದು ಸರ್ಟಿಫಿಕೇಟ್ ಕೊಟ್ಟರು. ನಿಮ್ಮ ಮನೆಯ ಟ್ರಂಕಿನಲ್ಲಿ ಅದು ಇದ್ದರೆ ಪ್ಲಾಸ್ಟಿಕ್ ಕವರಿಗೆ ಹಾಕಿಡಿ, ಪಾಲಿನ ತಕರಾರು ಬಂದಾಗ ಬೇಕಾಗುತ್ತದೆ.

ಎಲ್ಲರಿಗೂ ಸಿಗಲಿಲ್ಲ ಅನ್ನೋದನ್ನೂ ಹೇಳಬೇಕು. ಗೇಣಿ ಮಾಡುತ್ತಿದ್ದವರಿಗೆ ಜಮೀನು ಬಂತು. ಅದೇ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಕೂಲಿ ಹೆಂಗಸಿಗೆ ಏನೂ ಬರಲಿಲ್ಲ. ಗೇಣಿ ಚೀಟಿ ಇಲ್ಲದವರು, ಧಣಿಗೆ ಹೆದರಿ ಅರ್ಜಿಯನ್ನೇ ಹಾಕದವರು ಹೊರಗುಳಿದರು. ಗೇಣಿ ಕಡಿಮೆ ಇದ್ದ ಬಯಲುಸೀಮೆಯ ಊರುಗಳಲ್ಲಿ ಇದರಿಂದ ಹೆಚ್ಚೇನೂ ಬದಲಾಗಲಿಲ್ಲ. ಕಾಫಿ, ಟೀ, ರಬ್ಬರ್, ಏಲಕ್ಕಿ ತೋಟಗಳನ್ನಂತೂ ಭೂಮಿತಿಯಿಂದಲೇ ಹೊರಗಿಟ್ಟಿದ್ದರು. 1978ರ ನವೆಂಬರ್‌ನಲ್ಲಿ ಇಂದಿರಾ ಚಿಕ್ಕಮಗಳೂರಿಗೆ ಬಂದು ಲೋಕಸಭೆ ಉಪಚುನಾವಣೆಗೆ ನಿಂತರು. ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಸುಮಾರು 77 ಸಾವಿರ ಮತಗಳಿಂದ ಸೋಲಿಸಿದರು. ಎಸ್ಟೇಟಿನ ಲೈನ್ ಮನೆಗಳಿಂದಲೂ ವೋಟು ಹೋಯಿತು. ಆ ಲೈನ್ ಮನೆಯವರಿಗೆ ಇಂದಿರಮ್ಮ ಬಂದರು, ಭೂಮಿ ಬರಲಿಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇವೆ. 1979ರಲ್ಲಿ ಇಂದಿರಾಗೂ ಅರಸುಗೂ ಜಗಳವಾಯಿತು, ಅರಸುವನ್ನು ಪಕ್ಷದಿಂದ ಹೊರಹಾಕಿದರು. 1980ರ ಜನವರಿಯಲ್ಲಿ ಲೋಕಸಭೆ ಚುನಾವಣೆ. ಕರ್ನಾಟಕದ 28 ಸೀಟುಗಳಲ್ಲಿ 27 ಇಂದಿರಾ ಪಕ್ಷಕ್ಕೆ, ಒಂದು ಜನತಾ ಪಕ್ಷಕ್ಕೆ. ಅರಸು ಪಕ್ಷಕ್ಕೆ ಸೊನ್ನೆ. ಅರಸು ಜೊತೆಗಿದ್ದ ಶಾಸಕರೂ ಆ ಕಡೆ ಜಿಗಿದರು, ಅದೇ ತಿಂಗಳು ಅರಸು ಕುರ್ಚಿ ಬಿಟ್ಟರು, ಗುಂಡೂರಾವ್ ಬಂದರು. ಜಮೀನಿನ ಕಾನೂನು ತಂದವರನ್ನು ಅದೇ ಜಮೀನು ಪಡೆದ ಊರುಗಳೂ ಕೈಬಿಟ್ಟವು. ಕೆಲವರು ಇದನ್ನು ಹಳ್ಳಿ ಜನರ ಮುಗ್ಧತೆ ಅನ್ನುತ್ತಾರೆ. ನಮಗೆ ಹಾಗೆ ಅನ್ನಿಸೋದಿಲ್ಲ. ಅಷ್ಟೂ ವರ್ಷ ಅರಸು ಪಕ್ಷದವರೇ ಪ್ರತಿ ಸಭೆಯಲ್ಲಿ, ಪ್ರತಿ ಗೋಡೆಯಲ್ಲಿ ‘ಇದು ಇಂದಿರಾ ಕೊಡುಗೆ’ ಅಂತ ಹೇಳಿಕೊಟ್ಟಿದ್ದರು. ಜನ ಹೇಳಿಕೊಟ್ಟದ್ದನ್ನು ನಂಬಿದರು.

ಆ ನಂಬಿಕೆಗೆ ಬೆಲೆ ತೆತ್ತವರು ಬೇರೆ ಊರಿನವರು. ಅದೇ ವರ್ಷ ಜುಲೈ 21ರಂದು, ಮಲಪ್ರಭಾ ನೀರಾವರಿ ಪ್ರದೇಶದ ಅಭಿವೃದ್ಧಿ ಕರದ ವಿರುದ್ಧ ಎದ್ದಿದ್ದ ನರಗುಂದ, ನವಲಗುಂದದ ರೈತರ ಮೇಲೆ ಗೋಲಿಬಾರ್ ಆಯಿತು. ಚುನಾವಣೆ ಕಳೆದು ಏಳು ತಿಂಗಳೂ ಆಗಿರಲಿಲ್ಲ. ಹೊಲಕ್ಕೆ ಸರಿಯಾಗಿ ನೀರು ಬಾರದೆ ಕರ ಯಾಕೆ ಕಟ್ಟಬೇಕು ಅನ್ನೋದು ರೈತರ ಪ್ರಶ್ನೆ. ಫೋಟೋದಲ್ಲಿದ್ದವರನ್ನು ಅದನ್ನು ಕೇಳುವ ಹಾಗಿರಲಿಲ್ಲ. ಕೇಳಬೇಕಾದ್ದು ಬೆಂಗಳೂರನ್ನು, ಆ ಬೆಂಗಳೂರಿನ ಸರ್ಕಾರ ಯಾರದ್ದು, ಹೇಗಿದೆ ಅಂತ ಜನವರಿಯಲ್ಲಿ ಯಾರೂ ನೋಡಿರಲಿಲ್ಲ.

ಇದು ಅಜ್ಜಂದಿರ ಕಾಲದ ಕಥೆ ಅಂತ ನಿಮಗೆ ಅನ್ನಿಸಬಹುದು. 2020, 2021ನ್ನು ನೆನಪು ಮಾಡಿಕೊಳ್ಳಿ. ಆಗ ನಮ್ಮೆಲ್ಲರ ಫೋನಿನಲ್ಲೂ ಕೇಂದ್ರದ ಮೂರು ಕೃಷಿ ಕಾನೂನುಗಳದ್ದೇ ಜಗಳ. ಒಂದು ಗ್ರೂಪಿನಲ್ಲಿ ಮೋದಿ ರೈತರ ದೇವರು, ಇನ್ನೊಂದರಲ್ಲಿ ರೈತರ ಶತ್ರು. 2021ರ ನವೆಂಬರ್ 19ರ ಬೆಳಿಗ್ಗೆ ಅವರು ಟಿವಿಯಲ್ಲಿ ಬಂದು ಮೂರೂ ಕಾನೂನು ವಾಪಸ್ ಅಂದರು. ಒಂದು ಕಡೆಯವರು ಗೆದ್ದೆವು ಅಂದರು, ಇನ್ನೊಂದು ಕಡೆಯವರು ಎಂಥ ದೊಡ್ಡ ಮನಸ್ಸು ಅಂದರು. ಅಷ್ಟರಲ್ಲಿ ನಮ್ಮ ರಾಜ್ಯದ ಭೂ ಸುಧಾರಣೆ ಕಾಯ್ದೆಯಿಂದ 79ಎ, 79ಬಿ ಸೆಕ್ಷನ್‌ಗಳು ಹೋಗಿ ಒಂದು ವರ್ಷ ದಾಟಿತ್ತು. ಕೃಷಿಕರಲ್ಲದವರು, ಬೇರೆ ದೊಡ್ಡ ಆದಾಯ ಇರುವವರು ಹೊಲ ಕೊಳ್ಳುವ ಹಾಗಿಲ್ಲ ಅಂತ ತಡೆದಿದ್ದ ಸೆಕ್ಷನ್‌ಗಳು ಅವು. ಕಾಯ್ದೆಗೆ ಅವು ಸೇರಿದ್ದು ಅರಸು ಕಾಲದ ಆ ತಿದ್ದುಪಡಿಯಲ್ಲೇ. ತೆಗೆದದ್ದು ಯಡಿಯೂರಪ್ಪ ಸರ್ಕಾರ, 2020ರಲ್ಲಿ. ರೈತ ಸಂಘಟನೆಗಳು ಬೀದಿಗೆ ಇಳಿದವು, ಬಂದ್ ಕೂಡ ಆಯಿತು. ಆದರೆ ಫಾರ್ವರ್ಡ್ ಮೆಸೇಜುಗಳಲ್ಲಿ ಅದಕ್ಕೆ ಅಷ್ಟು ಜಾಗ ಸಿಗಲಿಲ್ಲ. ದಿಲ್ಲಿಯ ಕಾನೂನು ಹೋದ ದಿನ ಇದು ಹೋಗಲಿಲ್ಲ. 2023ರಲ್ಲಿ ಕಾಂಗ್ರೆಸ್ ಸರ್ಕಾರ ಬಂದಾಗಲೂ ಹೋಗಲಿಲ್ಲ. ಊರಿನ ಪಕ್ಕ ಹೆದ್ದಾರಿ ಇರುವ ಕಡೆ ಹೊಲಗಳಿಗೆ ತಂತಿ ಬೇಲಿ, ಗೇಟು ಬಿದ್ದಿರೋದನ್ನು ನೀವೇ ನೋಡಿರುತ್ತೀರಿ.

ಅಕ್ಕಿ ಚೀಲದ ವಿಷಯದಲ್ಲೂ ಇದೇ. ಅಕ್ಕಿ ಮೋದಿದೋ ಸಿದ್ದರಾಮಯ್ಯಂದೋ ಅಂತ ಸೊಸೈಟಿ ಕಟ್ಟೆ ಮೇಲೆ ನಡೆಯುವ ಜಗಳ ನಾವು ಬೇಕಾದಷ್ಟು ಕೇಳಿದ್ದೇವೆ. ತೂಕ ಸರಿ ಇದೆಯಾ ಅಂತ ಆ ಹೊತ್ತಿನಲ್ಲಿ ತಕ್ಕಡಿ ನೋಡಿದವರು ಕಡಿಮೆ.

ಈಗ ಬಗರ್‌ಹುಕುಂ. ಸರ್ಕಾರಿ ಜಮೀನು ಉಳುತ್ತಿರುವವರು ಫಾರಂ 50, ಆಮೇಲೆ 53, ಆಮೇಲೆ 2018ರಿಂದ 57 ಅಂತ ಮೂರು ಸಲ ಅರ್ಜಿ ಕೊಟ್ಟಿದ್ದಾರೆ. ಫಾರಂ 7 ತಪ್ಪಿದವರ ಮಕ್ಕಳು ಮೊಮ್ಮಕ್ಕಳೂ ಅದರಲ್ಲಿದ್ದಾರೆ. ಇದನ್ನು ತೀರ್ಮಾನ ಮಾಡೋದು ನಿಮ್ಮ ಕ್ಷೇತ್ರದ ಬಗರ್‌ಹುಕುಂ ಸಮಿತಿ, ಅದಕ್ಕೆ ಸಾಮಾನ್ಯವಾಗಿ ಅಧ್ಯಕ್ಷರು ನಿಮ್ಮದೇ ಶಾಸಕರು. ದಿಲ್ಲಿಯ ಯಾವ ನಾಯಕರೂ ಆ ಸಭೆಯಲ್ಲಿ ಕೂರೋದಿಲ್ಲ. ಸಮಿತಿ ಕಳೆದ ಒಂದು ವರ್ಷದಲ್ಲಿ ಎಷ್ಟು ಸಭೆ ಮಾಡಿದೆ, ಎಷ್ಟು ಅರ್ಜಿ ವಜಾ ಮಾಡಿದೆ, ಯಾವ ಕಾರಣಕ್ಕೆ ಅಂತ ತಹಶೀಲ್ದಾರ್ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಫೀಸು 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಉತ್ತರ ಬಂದರೆ ಫೋಟೋ ತೆಗೆದು ನಮಗೂ ಕಳಿಸಿ, ಬಾರದೇ ಇದ್ದರೂ ತಿಳಿಸಿ. ತಾಲ್ಲೂಕುವಾರು ಒಂದೊಂದಾಗಿ ಇಲ್ಲೇ ಹಾಕುತ್ತೇವೆ.