ಬಬ್ಬೂರಿನಿಂದ ಪಡುಗಡಲ ದಾರಿ

ಕಾಳಿದಾಸನ ರಘುವಂಶದ ಹದಿಮೂರನೆಯ ಸರ್ಗದಲ್ಲಿ, ಲಂಕೆಯಿಂದ ಹಿಂದಿರುಗುವ ಶ್ರೀರಾಮನು ಪುಷ್ಪಕವಿಮಾನದಲ್ಲಿ ಕುಳಿತು ಸೀತಾದೇವಿಗೆ ಸಮುದ್ರವನ್ನೂ ಅದರ ತೀರವನ್ನೂ ಒಂದೊಂದಾಗಿ ತೋರಿಸುವ ಪ್ರಕರಣವುಂಟಷ್ಟೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಸಂಸ್ಕೃತದ ಉಪಾಧ್ಯಾಯ ವೃತ್ತಿಯಲ್ಲಿದ್ದ ನಾವು ಆ ಪ್ರಕರಣವನ್ನು ಎಷ್ಟು ಸಲ ವಿವರಿಸಿದೆವೋ ಲೆಕ್ಕವಿಲ್ಲ. ಆದರೆ ನಮ್ಮ ಮನೆಯಾಕೆಗೆ ಮಾತ್ರ ಸಮುದ್ರವನ್ನು ತೋರಿಸಿರಲಿಲ್ಲ. ಮದುವೆಯಾದ ವರ್ಷವೇ ಆಕೆ, “ಒಂದು ಸಲ ಕಡಲು ನೋಡಬೇಕು” ಎಂದಿದ್ದಳು. “ಬರುವ ರಜೆಗೆ ಹೋಗೋಣ” ಎಂದು ನಾವು ಉತ್ತರ ಕೊಟ್ಟಿದ್ದೆವು. ಆ ರಜೆ ಮೂವತ್ತೈದು ವರ್ಷ ಬರಲಿಲ್ಲ. ಒಂದು ಸಲ ಪರೀಕ್ಷೆಯ ಕೆಲಸ, ಒಂದು ಸಲ ಮನೆಯ ರಿಪೇರಿ, ಒಂದು ಸಲ ಬರಗಾಲ. ನಮಗೆ ನಿವೃತ್ತಿಯಾದಾಗ ಆಕೆಯ ಮೊಣಕಾಲುಗಳು ನಡಿಗೆಗೆ ಒಪ್ಪದಂತಾಗಿದ್ದುವು.

ನಮ್ಮ ಬಬ್ಬೂರು ಹಿರಿಯೂರಿನ ಪಕ್ಕದ ಗ್ರಾಮ. ಬಬ್ಬೂರುಕಮ್ಮೆಯವರೆಂಬ ಬ್ರಾಹ್ಮಣ ಪಂಗಡಕ್ಕೆ ಹೆಸರು ಕೊಟ್ಟ ಊರೆಂದೂ, ಕೃಷಿ ಸಂಶೋಧನೆಯ ಬಬ್ಬೂರು ಫಾರಂ ಇರುವ ಎಡೆಯೆಂದೂ ವಾಚಕರಲ್ಲಿ ಕೆಲವರು ಇದರ ಹೆಸರನ್ನು ಕೇಳಿರಬಹುದು. ವರ್ಷಕ್ಕೆ ಐದಾರು ನೂರು ಮಿಲಿಮೀಟರು ಮಳೆ ಬಿದ್ದರೆ ನಾವು ದೇವರಿಗೆ ಕೈಮುಗಿಯುವ ಜನ. ನಮಗೆ ನೀರೆಂದರೆ ಕೆರೆ; ದೊಡ್ಡ ನೀರೆಂದರೆ ಮಾರಿಕಣಿವೆ.

೨೦೨೫ರ ಜನವರಿಯಲ್ಲಿ, ವೈಕುಂಠ ಏಕಾದಶಿಯ ಮರುದಿನ ಪಾರಣೆ ಮುಗಿಸಿ ಹೊರಟೆವು. ಮೋಟಾರು ನಡೆಸಿದವನು ನಮ್ಮ ತಮ್ಮನ ಮಗ. “ದೊಡ್ಡಪ್ಪ, ಇನ್ನು ಮುಂದೂಡಿದರೆ ದೊಡ್ಡಮ್ಮನನ್ನು ಎತ್ತಿಕೊಂಡು ಹೋಗಬೇಕಾದೀತು” ಎಂದು ಅವನೇ ಒತ್ತಾಯ ಮಾಡಿದ್ದನು. ಚಪಾತಿ, ಶೇಂಗಾ ಚಟ್ನಿಪುಡಿ, ಹುರಿದ ಅವಲಕ್ಕಿಗಳ ಗಂಟು ಕಟ್ಟಿಯಾಯಿತು. ಧನುರ್ಮಾಸದ ಚಳಿಗೆ ಹೆದರಿ ಮೂರು ಕಂಬಳಿ, ಎರಡು ಶಾಲುಗಳನ್ನೂ ಹೇರಿಕೊಂಡೆವು. ಇವುಗಳಲ್ಲಿ ಒಂದೂ ಘಟ್ಟದ ಕೆಳಗೆ ಬೇಕಾಗಲಿಲ್ಲವೆಂಬುದನ್ನು ಮುಂದೆ ಹೋಗುವವರ ಉಪಯೋಗಕ್ಕಾಗಿ ಇಲ್ಲಿಯೇ ಹೇಳಿಬಿಡುತ್ತೇವೆ. ಕರಾವಳಿಯಲ್ಲಿ ಪುಷ್ಯಮಾಸದ ಮಧ್ಯಾಹ್ನವೂ ಬೆವರು ಬರಿಸುತ್ತದೆ.

ಹೊಸದುರ್ಗ, ಅಜ್ಜಂಪುರ, ತರೀಕೆರೆ, ಶಿವಮೊಗ್ಗ, ತೀರ್ಥಹಳ್ಳಿಗಳನ್ನು ದಾಟುವಷ್ಟರಲ್ಲಿ ಜಾಲಿಯ ಗಿಡಗಳು ಹಿಂದುಳಿದು ಅಡಕೆಯ ತೋಟಗಳು ಎದುರಾದುವು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯೆಂದು ಹೇಳಿದಾಗ ನಮ್ಮಾಕೆ, “ಅದರಲ್ಲಿ ಒಂದು ಪಾಲು ನಮಗೆ ಕೊಟ್ಟಿದ್ದರೆ ದೇವರಿಗೇನು ನಷ್ಟವಾಗುತ್ತಿತ್ತು?” ಎಂದಳು. ಹದಿನಾಲ್ಕು ತಿರುವುಗಳನ್ನಿಳಿದು ಸೋಮೇಶ್ವರ, ಹೆಬ್ರಿಗಳ ಮೇಲೆ ಸಾಯಂಕಾಲ ಉಡುಪಿಯನ್ನು ಸೇರಿದೆವು. ಶ್ರೀಕೃಷ್ಣದರ್ಶನವಾಯಿತು. ಉಡುಪಿಯ ವಿಷಯ ಎಲ್ಲರೂ ಬಲ್ಲುದಾದ್ದರಿಂದ ಬೆಳೆಸುವುದಿಲ್ಲ.

ಮರುದಿನ ಬೆಳಗ್ಗೆ ಉತ್ತರಾಭಿಮುಖವಾಗಿ ಹೊರಟು ಕುಂದಾಪುರವನ್ನು ದಾಟಿ ತ್ರಾಸಿಯ ಬಳಿಗೆ ಬಂದಾಗ ಎಡಗಡೆಯಲ್ಲಿ ತೆಂಗಿನ ಮರಗಳು ಸರಿದು, ಥಟ್ಟನೆ ಕಡಲು ಕಾಣಿಸಿತು. ಮರವಂತೆಯಲ್ಲಿ ರಸ್ತೆಯ ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ; ನಡುವೆ ರಸ್ತೆಯೊಂದೇ ನೆಲ. ನಾವು ಬಾಯ್ತೆರೆದು ರಘುವಂಶದ ಆ ಭಾಗವನ್ನು ಆರಂಭಿಸಬೇಕೆನ್ನುವಷ್ಟರಲ್ಲಿ ಆಕೆ ಕೈಸನ್ನೆಯಿಂದ ಸುಮ್ಮನಿರಿಸಿದಳು. ಇಬ್ಬರೂ ಎರಡು ಕಡೆ ಹಿಡಿದು ಮರಳಿನವರೆಗೆ ನಡೆಸಿದೆವು. ಚಪ್ಪಲಿ ಕಳಚಿ, ಕೈಮುಗಿದು, ಅಲ್ಲಿಯೇ ಒಂದು ಕಲ್ಲಿನ ಮೇಲೆ ಕುಳಿತಳು. ಬಹಳ ಹೊತ್ತಿನ ಮೇಲೆ ಕೇಳಿದಳು: “ಇದಕ್ಕೆ ಕೋಡಿ ಎಲ್ಲಿದೇರಿ?”

ಕೆರೆಯ ಸೀಮೆಯವರ ಪ್ರಶ್ನೆ ಅದು. ಎಷ್ಟು ನದಿಗಳು ಬಂದು ಸೇರಿದರೂ ಸಮುದ್ರವು ತನ್ನ ವೇಲೆಯನ್ನು ಮೀರುವುದಿಲ್ಲ, ಆದುದರಿಂದ ಅದಕ್ಕೆ ಕೋಡಿ ಬೇಕಿಲ್ಲ ಎಂದು ಕವಿಗಳ ಮಾತನ್ನು ಹೇಳಿದೆವು. ಪಕ್ಕದಲ್ಲಿ ಎಳನೀರು ಮಾರುತ್ತಿದ್ದವನು ಇದನ್ನು ಕೇಳಿ ನಕ್ಕು, “ಮಳೆಗಾಲದಲ್ಲಿ ಬಂದು ಕಾಣಿ, ಮಾಷ್ಟ್ರೇ” ಎಂದು ದಡದುದ್ದಕ್ಕೂ ಪೇರಿಸಿದ್ದ ಬಂಡೆಗಳ ಕಡೆಗೆ ಕೈತೋರಿಸಿದನು. ಕಡಲು ರಸ್ತೆಯನ್ನು ಕೊರೆಯದಂತೆ ಹಾಕಿದ ತಡೆಗಳು ಅವು. ನಾವು ಸುಮ್ಮನಾದೆವು.

ಬೈಂದೂರು, ಭಟ್ಕಳ, ಮುರುಡೇಶ್ವರಗಳನ್ನು ನೋಡುತ್ತ ಹೊನ್ನಾವರಕ್ಕೆ ಬಂದೆವು. ಈ ದಾರಿಯ ವಿಶೇಷವೆಂದರೆ ನದಿಗಳು. ಘಟ್ಟದಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿಯುವ ಪ್ರತಿಯೊಂದು ಹೊಳೆಯೂ ದಾರಿಯನ್ನು ಕಡಿಯುತ್ತದೆ. ಹೊನ್ನಾವರದಲ್ಲಿ ಶರಾವತಿ, ಕುಮಟೆಯ ಆಚೆ ಅಘನಾಶಿನಿ, ಅಂಕೋಲೆಯ ಈಚೆ ಗಂಗಾವಳಿ, ಕಾರವಾರದಲ್ಲಿ ಕಾಳಿ. ಸೇತುವೆಗಳಾಗುವುದಕ್ಕೆ ಮುಂಚೆ ಜನರು ಒಂದೊಂದು ಹೊಳೆಯ ಬಾಯಲ್ಲಿಯೂ ತಾರಿಗಾಗಿ ಕಾದು ನಿಲ್ಲಬೇಕಾಗಿತ್ತು. ಈಗ ನಿಮಿಷದಲ್ಲಿ ದಾಟುತ್ತೇವೆ. ಹೊಳೆಯ ಹೆಸರು ಕೇಳುವುದಕ್ಕೂ ಪುರಸೊತ್ತಿಲ್ಲ.

ಆ ರಾತ್ರಿ ಗೋಕರ್ಣದಲ್ಲಿ ತಂಗಿ, ಬೆಳಗ್ಗೆ ಮಹಾಬಲೇಶ್ವರನ ದರ್ಶನ ಮುಗಿಸಿ, ಸಮೀಪದ ಸಾಣಿಕಟ್ಟೆಗೆ ಹೋದೆವು. ಇಲ್ಲಿ ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಭರತದಲ್ಲಿ ಒಳಕ್ಕೆ ಬಿಟ್ಟುಕೊಂಡು ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ಅದಕ್ಕೆ ಆಗರವೆಂದು ಹೆಸರು. ದಿನಾಲೂ ಅಡಿಗೆಗೆ ಹಾಕುವ ವಸ್ತು ಮೊದಲು ಕೆಸರಾಗಿ, ಆಮೇಲೆ ಹರಳಾಗಿ ಬರುವ ಬಗೆಯನ್ನು ನಮ್ಮಾಕೆ ಅಲ್ಲಿನ ಹೆಂಗಸರಿಂದ ವಿಚಾರಿಸಿ ತಿಳಿದುಕೊಂಡಳು. ಅಳಿವೆಯ ಗಜನಿ ಭೂಮಿಯಲ್ಲಿ ಕಗ್ಗವೆಂಬ ಭತ್ತ ಬೆಳೆಯುತ್ತದೆ. ಉಪ್ಪುನೀರು ನುಗ್ಗಿದರೂ ಸಾಯದ ತಳಿಯಂತೆ. ನೀರಿಲ್ಲದೆ ಬೆಳೆ ಸಾಯುವುದನ್ನು ಕಂಡವರು ನಾವು. ಉಪ್ಪುನೀರಿನಲ್ಲಿ ನಿಂತು ಬದುಕುವ ಬೆಳೆಯೂ ಉಂಟೆಂದು ಕೇಳಿ ಆಶ್ಚರ್ಯಪಟ್ಟೆವು. ಅಘನಾಶಿನಿಗೆ ಇದುವರೆಗೆ ಯಾರೂ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಆದುದರಿಂದಲೇ ಸಿಹಿನೀರೂ ಉಪ್ಪುನೀರೂ ತಮ್ಮ ತಮ್ಮ ಕಾಲಕ್ಕೆ ಬಂದು ಈ ಅಳಿವೆಯನ್ನು ಸಾಕುತ್ತವೆ.

ಅಲ್ಲಿಂದ ಅಂಕೋಲೆಯ ಕಡೆಗೆ ಹೊರಟೆವು. ೧೯೩೦ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು ಅದೆಂದು ನಾವು ಹೇಳುತ್ತಿದ್ದೆವು. ನಮ್ಮಾಕೆ, “ಎಲ್ಲಾದರೂ ನಿಲ್ಲಿಸಪ್ಪ, ಚಹಾ ಕುಡಿಯೋಣ” ಎಂದಳು. ಹುಡುಗನು ಉತ್ತರ ಕೊಡದೆ ಗಾಡಿಯನ್ನು ನಿಧಾನ ಮಾಡಿದನು. ಬಲಗಡೆ ಬೆಟ್ಟದ ಅರ್ಧವೇ ಕಿತ್ತುಹೋದಂತೆ ಕೆಂಪು ಮಣ್ಣಿನ ಗಾಯ, ಎಡಗಡೆ ಗಂಗಾವಳಿ. “ಇದೇ ಶಿರೂರು, ದೊಡ್ಡಮ್ಮ. ಇಲ್ಲಿ ಒಂದು ಚಹದಂಗಡಿ ಇತ್ತು” ಎಂದನು.

೨೦೨೪ರ ಜುಲೈ ೧೬ರ ಬೆಳಗ್ಗೆ, ಆಷಾಢದ ಮಳೆಯಲ್ಲಿ ನೆನೆದ ಆ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದಿತು. ಚಹದಂಗಡಿಯನ್ನೂ, ಅದನ್ನು ನಡೆಸುತ್ತಿದ್ದ ಸಂಸಾರವನ್ನೂ, ಅಲ್ಲಿ ನಿಂತಿದ್ದ ವಾಹನಗಳನ್ನೂ ನದಿಗೆ ನೂಕಿತು. ನದಿಯ ನೀರು ಉಕ್ಕಿ ಎದುರು ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ಕೇರಳದ ಲಾರಿಯೊಂದನ್ನೂ ಅದರ ಚಾಲಕನ ದೇಹವನ್ನೂ ನೀರಿನಿಂದ ಎತ್ತಿದುದು ಸೆಪ್ಟೆಂಬರ್ ೨೫ರಂದು, ಎರಡು ತಿಂಗಳು ದಾಟಿದ ಮೇಲೆ. ರಸ್ತೆ ಅಗಲವಾಗಲೆಂದು ಗುಡ್ಡದ ಬುಡವನ್ನು ಕಡಿದಾಗಿ ಕತ್ತರಿಸಿದರೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ಮಳೆನೀರು ಇಂಗಿ ತೂಕ ಹೆಚ್ಚಿದಾಗ ಅದು ಜಾರುತ್ತದೆ. ಇದನ್ನು ತಿಳಿಯುವುದಕ್ಕೆ ದೊಡ್ಡ ಶಾಸ್ತ್ರವೇನೂ ಬೇಡ. ಹೊಲದ ಬದುವನ್ನು ಕಡಿದ ರೈತನೂ ಬಲ್ಲನು. ಅದೇ ಅಗಲವಾದ ರಸ್ತೆಯ ಮೇಲೆ ಸುಖವಾಗಿ ಬಂದವರು ನಾವೇ. ನಾಲ್ಕು ತಾಸಿನ ದಾರಿ ಮೂರಾಯಿತೆಂದು ಬೆಳಗ್ಗೆ ತಾನೇ ಹಿಗ್ಗಿದ್ದೆವು.

ನಮ್ಮಾಕೆ ಗೋಕರ್ಣದಲ್ಲಿ ಮುಡಿದಿದ್ದ ಮಲ್ಲಿಗೆಯ ದಂಡೆಯನ್ನು ತೆಗೆದು ಹುಡುಗನ ಕೈಗೆ ಕೊಟ್ಟಳು. ಅವನು ಹೋಗಿ ಹೊಳೆಗೆ ಬಿಟ್ಟು ಬಂದನು. ಅಂಕೋಲೆ ಬಂದರೂ ಚಹದ ಮಾತನ್ನು ಯಾರೂ ಎತ್ತಲಿಲ್ಲ.

ಕಾರವಾರವನ್ನು ಸೇರಿದಾಗ ಸಂಜೆ. ರವೀಂದ್ರನಾಥ ಠಾಕೂರರು ಇಪ್ಪತ್ತರ ಹರೆಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣಂದಿರ ಮನೆಗೆ ಬಂದು ಒಂದು ನಾಟಕ ಬರೆದರು. ತೀರಕ್ಕೆ ಅವರ ಹೆಸರೇ ಇದೆ. ಕಾಳಿಯ ಹಳೆಯ ಸೇತುವೆಯನ್ನು ನೋಡಹೋದರೆ ಅದು ನಡುವೆ ಮುರಿದಿತ್ತು. ೨೦೨೪ರ ಆಗಸ್ಟ್ ೭ರ ನಡುರಾತ್ರಿ ಅದು ಕುಸಿದಾಗ ಒಂದು ಲಾರಿ ಹೊಳೆಗೆ ಬಿದ್ದಿತಾದರೂ ಚಾಲಕನು ಬದುಕಿದನು. ಅಂದು ಪುಷ್ಯ ಹುಣ್ಣಿಮೆ. ಚಂದ್ರೋದಯವಾಗಿ ಭರತ ಏರುತ್ತ, ನಾವು ಕುಳಿತ ಮರಳಿನ ಅಂಚಿಗೆ ನೀರು ಬಂದಿತು. ಕಾಲು ಹಿಂದಕ್ಕೆ ತೆಗೆಯೆಂದರೆ ಆಕೆ ತೆಗೆಯಲಿಲ್ಲ. “ಇಪ್ಪತ್ತರಲ್ಲಿ ಬಂದಿದ್ದರೆ ಓಡಾಡುತ್ತಿದ್ದೆ. ಈಗ ಅದೇ ನನ್ನ ಹತ್ತಿರ ಬಂತು, ಬಿಡಿ” ಎಂದಳು. ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು.

ಸಂಕ್ರಾಂತಿಯ ದಿನ ಯಲ್ಲಾಪುರ, ಹುಬ್ಬಳ್ಳಿ, ದಾವಣಗೆರೆಗಳ ಮೇಲೆ ಊರಿಗೆ ಹಿಂದಿರುಗಿದೆವು. ಅಷ್ಟರಲ್ಲಿ ಮಾರಿಕಣಿವೆ ಕೋಡಿ ಬಿದ್ದ ಸುದ್ದಿ ಎಲ್ಲರ ಬಾಯಲ್ಲಿತ್ತು. ವೇದಾವತಿಗೆ ಅಡ್ಡಲಾಗಿ ೧೮೯೮ರಲ್ಲಿ ಆರಂಭಿಸಿ ೧೯೦೭ರಲ್ಲಿ ಮುಗಿಸಿದ, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನ ಈ ಜಲಾಶಯ ಹಿಂದೆ ತುಂಬಿ ಹರಿದುದು ೧೯೩೩ರಲ್ಲಿ ಒಮ್ಮೆ, ೨೦೨೨ರಲ್ಲಿ ಒಮ್ಮೆ. ಇದು ಮೂರನೆಯ ಸಲ. ಭದ್ರೆಯ ನೀರೂ ಬಂದು ಕೂಡಿದುದರ ಫಲ.

ಮರುದಿನವೇ ಮೂವರೂ ಹೋಗಿ ನಿಂತು ನೋಡಿದೆವು. ಜನಜಾತ್ರೆ. ಆಕೆ, “ಈ ನೀರೂ ನಾವು ನೋಡಿದ ಕಡಲಿಗೇ ಹೋಗುತ್ತದಲ್ಲವೇ?” ಎಂದು ಕೇಳಿದಳು. ಹಾಗಲ್ಲ, ಇದು ತುಂಗಭದ್ರೆಯನ್ನು ಸೇರಿ, ಕೃಷ್ಣೆಯ ಜೊತೆಗೆ ಮೂಡಣ ಕಡಲಿಗೆ ಹೋಗುತ್ತದೆಂದು ಹೇಳಿದೆವು.

“ಹಾಗಾದರೆ ಅದನ್ನೂ ಒಂದು ಸಲ ನೋಡಬೇಕು” ಎಂದಳು.

ರಜೆಯ ಮಾತು ನಾಲಗೆಯ ತುದಿಗೆ ಬಂದಿತ್ತು. ನಮಗೆ ಈಗ ದಿನವೂ ರಜೆಯೇ ಎಂಬುದು ನೆನಪಾಗಿ, ಹುಡುಗನ ಕಡೆಗೆ ತಿರುಗಿ, ಅವನಿಗೆ ಯಾವ ತಿಂಗಳು ಬಿಡುವಾಗುತ್ತದೆಂದು ಕೇಳಿದೆವು.