ಚುಕ್ಕೆಯಿಂದ ರೇಖೆಗೆ

ವಿದ್ಯಾಸಂಸ್ಥೆಯೊಂದರ ಲಾಂಛನವೆಂಬುದು ಆ ಸಂಸ್ಥೆಯ ಸಹಿಯಿದ್ದಂತೆ. ಪ್ರಮಾಣಪತ್ರದ ನೆತ್ತಿಯಲ್ಲಿ, ಬಹುಮಾನದ ಪುಸ್ತಕದ ಮೊದಲ ಪುಟದಲ್ಲಿ, ಬಾವುಟದ ನಡುವೆ ಅದನ್ನು ದಿನವೂ ಕಾಣುವವರು ಅದನ್ನು ನಿಟ್ಟಿಸಿ ನೋಡುವುದನ್ನೇ ಮರೆತಿರುತ್ತಾರೆ. ಅದು ಕೈತಪ್ಪಿ ಹೋಗುವ ಕಾಲ ಬಂದಾಗ ಮಾತ್ರ ಅದರ ಒಂದೊಂದು ಗೆರೆಯ ಬೆಲೆಯೂ ತಿಳಿದುಬರುತ್ತದೆ. ಶಿವಮೊಗ್ಗ ನಗರದ ಶಾಲೆಯೊಂದಕ್ಕೆ ಇಂಥ ಸಂದರ್ಭವೊಂದು ಒದಗಿಬಂದಿತು.

ಶಾಲೆಗೆ ಹೊಸ ಮಹಾದ್ವಾರವನ್ನು ಕಟ್ಟಿಸಿಕೊಡಲು ಹಳೆಯ ವಿದ್ಯಾರ್ಥಿಗಳು ಮುಂದೆ ಬಂದರು. ದ್ವಾರದ ಮೇಲೆ 10 ಅಡಿ ಅಗಲದ ಲಾಂಛನವನ್ನು ಉಕ್ಕಿನ ತಗಡಿನಲ್ಲಿ ಕತ್ತರಿಸಿ ನಿಲ್ಲಿಸಬೇಕೆಂದು ನಿಶ್ಚಯವಾಯಿತು. ಆ ಲಾಂಛನವನ್ನು ರಚಿಸಿದವರು ಶಾಲೆಯ ಮೊದಲ ಚಿತ್ರಕಲಾ ಶಿಕ್ಷಕರು. ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದುವು. ಅವರ ಮೂಲಚಿತ್ರ ಎಲ್ಲಿಯೂ ಸಿಕ್ಕಲಿಲ್ಲ. ಅದರಿಂದ ಮಾಡಿಸಿದ್ದ ಸತುವಿನ ಬ್ಲಾಕು, ಮೊಳೆ ಜೋಡಿಸಿ ಅಚ್ಚು ಹಾಕುವ ಮುದ್ರಣಾಲಯಗಳು ಬಾಗಿಲು ಮುಚ್ಚಿದ ಕಾಲದಲ್ಲಿ ಕಣ್ಮರೆಯಾಗಿತ್ತು. ಉಳಿದದ್ದು ಹಳೆಯ ಪ್ರಮಾಣಪತ್ರವೊಂದರ ಮೇಲಿನ ಒಂದು ಅಂಗುಲದ ಅಚ್ಚು ಮಾತ್ರ. ಒಂದು ವೃತ್ತ, ಅದರೊಳಗೆ ಉರಿಯುವ ಹಣತೆ, ಎರಡು ಬದಿಗಳಲ್ಲಿ ಎಲೆಗಳು, ಕೆಳಗೆ 'ವಿದ್ಯೆಯೇ ಧನ' ಎಂಬ ಬರಹ, ಇಷ್ಟೇ ಅದರ ಸ್ವರೂಪ.

ಕೆಲಸವನ್ನು ವಹಿಸಿಕೊಂಡವನು ಅದೇ ಶಾಲೆಯಲ್ಲಿ ಓದಿ, ಈಗ ನಗರದಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟುಕೊಂಡಿದ್ದ ತರುಣ. ಅವನು ಅಚ್ಚನ್ನು ಸ್ಕ್ಯಾನರಿನ ಗಾಜಿನ ಮೇಲಿಟ್ಟು ಅಂಗುಲಕ್ಕೆ 300 ಚುಕ್ಕೆಗಳಂತೆ ಪ್ರತಿ ತೆಗೆದನು. ಉದ್ದಕ್ಕೆ 300, ಅಡ್ಡಕ್ಕೆ 300, ಒಟ್ಟು 90,000 ಚುಕ್ಕೆಗಳ ಚಿತ್ರ ಅದು. 1957ರಲ್ಲಿ ಅಮೆರಿಕದ ರಸೆಲ್ ಕರ್ಶ್ ತಮ್ಮ ಮಗುವಿನ ಭಾವಚಿತ್ರವನ್ನು ಮೊಟ್ಟಮೊದಲು ಗಣಕಯಂತ್ರಕ್ಕೆ ಉಣಿಸಿದಾಗ ಒಂದೊಂದು ಬದಿಗೆ 176 ಚುಕ್ಕೆಗಳಷ್ಟೇ ಇದ್ದುವು. ಅಂದಿನಿಂದ ಇಂದಿನವರೆಗೆ ಚುಕ್ಕೆಗಳು ಲೆಕ್ಕವಿಲ್ಲದಷ್ಟು ಹೆಚ್ಚಿವೆ. ಅವುಗಳ ಸ್ವಭಾವ ಮಾತ್ರ ಬದಲಾಗಿಲ್ಲ. ಚುಕ್ಕೆಗೆ ತಾನು ಕಪ್ಪೋ ಬಿಳುಪೋ ಎಂಬುದಷ್ಟೇ ಗೊತ್ತು. ತಾನು ದೀಪದ ಕುಡಿಯೋ ಅಕ್ಷರದ ಕೊಂಬೋ ಎಂಬುದು ಗೊತ್ತಿಲ್ಲ. ಒಂದು ಅಂಗುಲದ ಚಿತ್ರವನ್ನು 10 ಅಡಿಗೆ ಹಿಗ್ಗಿಸಿದರೆ ಪ್ರತಿಯೊಂದು ಚುಕ್ಕೆಯೂ ಸುಮಾರು ಒಂದು ಸೆಂಟಿಮೀಟರಿನ ಚೌಕವಾಗುತ್ತದೆ. ಹಣತೆಯ ಜ್ವಾಲೆ ಮೆಟ್ಟಿಲಿನಂತೆ ಕಾಣುತ್ತದೆ. ಅಲ್ಲದೆ ತಗಡು ಕತ್ತರಿಸುವ ಯಂತ್ರಕ್ಕೆ ಬೇಕಾದುದು ಚುಕ್ಕೆಯಲ್ಲ, ನಡೆಯಲು ಒಂದು ದಾರಿ. ಆ ದಾರಿಯೇ ರೇಖೆ.

ರೇಖೆಯನ್ನು ಸಂಖ್ಯೆಗಳಲ್ಲಿ ಹೇಳುವ ವಿದ್ಯೆ ಹುಟ್ಟಿದ್ದು ಮೋಟಾರು ಕಾರಿನ ಕಾರ್ಖಾನೆಗಳಲ್ಲಿ. ಫ್ರಾನ್ಸಿನ ಸಿತ್ರೊಯೆನ್ ಕಂಪೆನಿಯ ಪೌಲ್ ದ ಕಾಸ್ತೆಲ್ಜೊ 1959ರಲ್ಲಿಯೂ, ರೆನೊ ಕಂಪೆನಿಯ ಪಿಯೆರ್ ಬೆಜಿಯೆ 1960ರ ದಶಕದಲ್ಲಿಯೂ ಕಾರಿನ ಮೈಯ ಬಾಗುಗಳಿಗಾಗಿ ಈ ಕ್ರಮವನ್ನು ರೂಪಿಸಿದರು. ರೇಖೆಗೆ ಎರಡು ತುದಿಗಳು, ಅದನ್ನು ಬಾಗಿಸಿ ಸೆಳೆಯುವ ಎರಡು ಬಿಂದುಗಳು. ಈ ನಾಲ್ಕು ತಿಳಿದರೆ ಸಾಕು, ಬಾಗು ಎಷ್ಟು ದೊಡ್ಡದಾದರೂ ನುಣುಪು ಕೆಡುವುದಿಲ್ಲ. ಇಂಥ ರೇಖಾಚಿತ್ರಗಳನ್ನು ಅಕ್ಷರರೂಪದ ಕಡತವಾಗಿ ಬರೆದಿಡುವ ಎಸ್.ವಿ.ಜಿ. ಎಂಬ ಪದ್ಧತಿಗೆ 2001ರಲ್ಲಿ ಲೋಕದ ಒಪ್ಪಿಗೆ ದೊರೆಯಿತು. ಅದೇ ವರ್ಷ ಹೊರಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆಂದು ಇದ್ದ ಅಕ್ಷರವಿನ್ಯಾಸದ ಹೆಸರು 'ತುಂಗಾ'. ಶಿವಮೊಗ್ಗದವರು ಬೆಳಗಾದರೆ ಕಾಣುವ ಹೊಳೆಯ ಹೆಸರನ್ನು ಹೊತ್ತ ಆ ಅಕ್ಷರಗಳೂ ಗಣಕದೊಳಗೆ ರೇಖೆಗಳಾಗಿಯೇ ಇವೆ.

ಚುಕ್ಕೆಯ ಚಿತ್ರದಿಂದ ರೇಖೆಯನ್ನು ತಾನಾಗಿ ಎತ್ತಿಕೊಡುವ ತಂತ್ರಾಂಶಗಳೂ ಉಂಟು. ಪೀಟರ್ ಸೆಲಿಂಗರ್ 2001ರಲ್ಲಿ ಹೊರತಂದ ಪೊಟ್ರೇಸ್ ಅವುಗಳಲ್ಲೊಂದು. ಅದು ಕಪ್ಪು ಬಿಳುಪುಗಳ ಗಡಿಯಲ್ಲಿ ಸುತ್ತಿ ಬರುತ್ತದೆ. ಆ ಗಡಿಯನ್ನು ಮೊದಲು ಬಹುಭುಜವಾಗಿಸಿ, ಎಲ್ಲಿ ಮೂಲೆ, ಎಲ್ಲಿ ಬಾಗು ಎಂದು ತೀರ್ಮಾನಿಸಿ, ಕೊನೆಗೆ ವಕ್ರರೇಖೆಗಳನ್ನು ಕೊಡುತ್ತದೆ. ಕಸದಂಥ ಸಣ್ಣ ಕಲೆಗಳನ್ನು ಬಿಟ್ಟುಬಿಡುವ ಏರ್ಪಾಡೂ ಅದರಲ್ಲಿದೆ. ಎಷ್ಟು ಚುಕ್ಕೆಗಿಂತ ಚಿಕ್ಕದು ಕಸ ಎಂಬುದನ್ನು ಕೆಲಸ ಮಾಡುವವನೇ ಹೇಳಬೇಕು. ಪ್ರಮಾಣಪತ್ರದ ಕಾಗದ ಹಳದಿಯಾಗಿ ಕಲೆಗಳಿಂದ ತುಂಬಿದ್ದುದರಿಂದ ತರುಣನು ಆ ಅಳತೆಯನ್ನು 20ಕ್ಕೆ ಏರಿಸಿದನು. ಕ್ಷಣಮಾತ್ರದಲ್ಲಿ ಚಿತ್ರವು ತೊಳೆದಿಟ್ಟ ಹಿತ್ತಾಳೆಯಂತೆ ಹೊಳೆಯಿತು. ಎಲ್ಲರೂ ಮೆಚ್ಚಿದರು. ಸೋಮವಾರ ತಗಡನ್ನು ಕತ್ತರಿಸುವುದೆಂದು ಗೊತ್ತುಮಾಡಿದರು.

ದಾನಿಗಳಲ್ಲಿ ಹಿರಿಯರೊಬ್ಬರು ಭದ್ರಾವತಿಯಲ್ಲಿದ್ದರು. ಅವರಿಗೊಮ್ಮೆ ತೋರಿಸಿ ಒಪ್ಪಿಗೆ ಪಡೆಯುವುದು ಮರ್ಯಾದೆಯೆಂದು ತರುಣನು ಪ್ರತಿಯನ್ನು ತೆಗೆದುಕೊಂಡು ಹೋದನು. ಆ ಹಿರಿಯರು 1923ರಲ್ಲಿ ಇದ್ದಿಲಿನ ಊದುಕುಲುಮೆಯಿಂದ ಕಬ್ಬಿಣ ತೆಗೆಯಲಾರಂಭಿಸಿ, ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಟ್ರೇಸರ್ ಆಗಿದ್ದು ನಿವೃತ್ತರಾದವರು. ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಇದು ಧನವೋ, ದನವೋ ನೋಡಪ್ಪಾ" ಎಂದರು.

ತರುಣನು ನೋಡಿ ಬೆವೆತನು. ಧಕಾರದ ಕೆಳಗಿನ ಚಿಕ್ಕ ಗೀಟು ಮಾಯವಾಗಿತ್ತು. ಹಳೆಯ ಅಚ್ಚಿನಲ್ಲಿ ಮಸಿ ಸರಿಯಾಗಿ ಕೂರದೆ ಆ ಗೀಟು ಅಕ್ಷರದಿಂದ ಕೂದಲೆಳೆಯಷ್ಟು ಬೇರೆಯಾಗಿ ನಿಂತಿತ್ತು. 12 ಚುಕ್ಕೆಗಳಷ್ಟಿದ್ದ ಅದನ್ನು ತಂತ್ರಾಂಶವು ಕಸವೆಂದು ಗುಡಿಸಿಹಾಕಿತ್ತು. ಸೋಮವಾರ ಕಳೆದಿದ್ದರೆ, ವಿದ್ಯೆಯೇ ದನವೆಂಬ ಘೋಷಣೆ ಉಕ್ಕಿನಲ್ಲಿ ಅಚ್ಚಳಿಯದೆ ನಿಲ್ಲುತ್ತಿತ್ತು. ಅದರ ಕೆಳಗೆ ಮಕ್ಕಳು ದಿನವೂ ಸಾಗಿಹೋಗುತ್ತಿದ್ದರು. ಯಂತ್ರವು ಹೇಳಿದಷ್ಟನ್ನು ಪ್ರಾಮಾಣಿಕವಾಗಿಯೇ ಮಾಡಿತ್ತು. ಓದಬೇಕಾದ ಕಣ್ಣುಗಳು ಓದಿರಲಿಲ್ಲ.

ಟ್ರೇಸರನ ಕೆಲಸವೆಂದರೆ ಏನೆಂಬುದು ಇಂದಿನ ತಲೆಮಾರಿಗೆ ತಿಳಿಯದು. ಡ್ರಾಫ್ಟ್ಸ್‌ಮನ್ ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಗಂಜಿ ಹಾಕಿದ ಪಾರದರ್ಶಕ ಬಟ್ಟೆಯನ್ನು ಹಾಸಿ, ಎರಡು ಅಲಗುಗಳ ನಡುವೆ ಮಸಿ ಹಿಡಿಯುವ ಲೇಖನಿಯಿಂದ ಅದರ ಮೇಲೆ ಗೆರೆಯೆಳೆಯಬೇಕು. ಅದರಿಂದಲೇ ನೀಲಿ ಪ್ರತಿಗಳೂ, ಮುಂದಿನ ಕಾಲದಲ್ಲಿ ಅಮೋನಿಯಾ ಪ್ರತಿಗಳೂ ಹೊರಟು ಕಾರ್ಮಿಕನ ಕೈ ಸೇರುತ್ತಿದ್ದುವು. ಆ ವೃತ್ತಿಗೆ ಎರಡು ನಿಯಮಗಳಿದ್ದುವು. ಮೊದಲು ವೃತ್ತ ಮತ್ತು ಬಾಗುಗಳನ್ನು ಎಳೆದು, ಸರಳರೇಖೆಗಳನ್ನು ಆಮೇಲೆ ಅವಕ್ಕೆ ಕೂಡಿಸಬೇಕೆಂಬುದು ಒಂದು. ಕಾಗದವನ್ನು ಅಳೆಯಬಾರದು, ಬರೆದಿರುವ ಅಳತೆಯನ್ನೇ ನಂಬಬೇಕೆಂಬುದು ಇನ್ನೊಂದು; ಏಕೆಂದರೆ ತೊಳೆದು ಒಣಗಿಸಿದ ಕಾಗದ ಕುಗ್ಗುತ್ತದೆ, ಸಂಖ್ಯೆ ಕುಗ್ಗುವುದಿಲ್ಲ.

ಹಿರಿಯರು ಲಾಂಛನದ ಹೊರವೃತ್ತವನ್ನು ತೋರಿಸಿದರು. ಯಂತ್ರವು ಅಚ್ಚಿನ ಏರಿಳಿತಗಳನ್ನೆಲ್ಲ ನಂಬಿ ಹತ್ತಾರು ತುಂಡುಗಳಲ್ಲಿ ಹೆಣೆದಿದ್ದ ಅದು ಜಜ್ಜಿದ ಬಳೆಯಂತಿತ್ತು. ಅವರು ಕಾಗದದ ಮೇಲೆ ಎರಡು ಜ್ಯಾಗಳನ್ನೆಳೆದು ಅವುಗಳ ಲಂಬಾರ್ಧಕಗಳನ್ನು ಹಾಕಿದರು. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸೇರುವಂತೆ ಅವು ಒಂದೆಡೆ ಸೇರಿದುವು. ಅದೇ ಕೇಂದ್ರ. ಪ್ರೌಢಶಾಲೆಯ ರೇಖಾಗಣಿತದ ಪಾಠವೇ ಅದು. ಎಸ್.ವಿ.ಜಿ. ಕಡತದಲ್ಲಿ ವೃತ್ತಕ್ಕೆ ಮೂರೇ ಸಂಖ್ಯೆಗಳು ಸಾಕು: ಕೇಂದ್ರದ ಎಡೆಯನ್ನು ಹೇಳುವ ಎರಡು, ತ್ರಿಜ್ಯವನ್ನು ಹೇಳುವ ಒಂದು. ತರುಣನು ಆ ತುಂಡುಗಳನ್ನು ಅಳಿಸಿ ಮೂರು ಸಂಖ್ಯೆಗಳನ್ನು ಬರೆದನು.

ಅಕ್ಷರಗಳ ಪ್ರಶ್ನೆ ಅಷ್ಟು ಸುಲಭವಾಗಿರಲಿಲ್ಲ. "ಅಜ್ಜಾ, ಸಿದ್ಧವಿರುವ ಅಕ್ಷರಗಳನ್ನೇ ಕೂರಿಸಿಬಿಡೋಣವೇ?" ಎಂದು ತರುಣನು ಕೇಳಿದನು. ಹಿರಿಯರು ಉತ್ತರ ಕೊಡದೆ ಒಳಗೆ ಹೋಗಿ ಟ್ರಂಕಿನಿಂದ ಎರಡು ಹಾಳೆಗಳನ್ನು ತಂದರು. ಅವರು ಅದೇ ಶಾಲೆಯಲ್ಲಿ ಚಿತ್ರಕಲೆಗೆ ಪಡೆದಿದ್ದ ಪ್ರಶಸ್ತಿಪತ್ರಗಳವು. ಲಾಂಛನವನ್ನು ರಚಿಸಿದ ಶಿಕ್ಷಕರೇ ಅವರ ಕೈಹಿಡಿದು ಗೆರೆಯೆಳೆಯುವುದನ್ನು ಕಲಿಸಿದ್ದರು. ಆ ಕಲಿಕೆಯೇ ಮುಂದೆ ಅವರ ಮನೆಯ ಅನ್ನವಾಯಿತು.

ಈಗ ಮೂರು ಅಚ್ಚುಗಳಾದುವು. ಮೂರರಲ್ಲಿಯೂ ಒಂದೇ ತೆರನಾಗಿರುವುದು ಗುರುಗಳ ಗೆರೆ, ಒಂದೊಂದರಲ್ಲಿ ಒಂದೊಂದು ಬಗೆಯಾಗಿರುವುದು ಮಸಿಯ ಆಟ ಎಂಬ ಸೂತ್ರದ ಮೇಲೆ ಇಬ್ಬರೂ ಕುಳಿತರು. ಧಕಾರದ ಗೀಟು ಉಳಿದೆರಡರಲ್ಲಿಯೂ ಅಕ್ಷರಕ್ಕೆ ಅಂಟಿಕೊಂಡಿತ್ತು. ಜ್ವಾಲೆಯ ಒಡಕು ಒಂದರಲ್ಲಿ ಮಾತ್ರ ಇದ್ದುದರಿಂದ ಅದನ್ನು ಮುಚ್ಚಿದರು. ಎಡಗಡೆಯ ಎಲೆ ಬಲಗಡೆಯದಕ್ಕಿಂತ ತುಸು ಗಿಡ್ಡವಾಗಿತ್ತು. ಒಂದು ಎಲೆಯನ್ನು ಬರೆದು ಕನ್ನಡಿಯಂತೆ ತಿರುವಿದರೆ ಎರಡೂ ಸರಿಸಮನಾಗುತ್ತವೆ. ಗಣಕದಲ್ಲಿ ಅದು ನಿಮಿಷದ ಕೆಲಸ. ಆದರೆ ಮೂರು ಅಚ್ಚುಗಳಲ್ಲಿಯೂ ಅದು ಗಿಡ್ಡವೇ. "ಗುರುಗಳು ಹಾಗೆ ಬರೆದಿದ್ದಾರೆ. ತಿದ್ದಲು ನಾವು ಯಾರಪ್ಪಾ?" ಎಂದರು ಹಿರಿಯರು. ಎಲೆ ಗಿಡ್ಡವಾಗಿಯೇ ಉಳಿಯಿತು. ಅಕ್ಷರಗಳನ್ನು ತರುಣನು ಹಿಗ್ಗಿಸಿದ ಅಚ್ಚಿನ ಮೇಲೆ ಒಂದೊಂದಾಗಿ, ಬಾಗು ಬಾಗಿಗೂ ಬಿಂದುವಿಟ್ಟು, ಕೈಯಿಂದಲೇ ಎಳೆದನು. ಯಂತ್ರಕ್ಕೆ ಕ್ಷಣ ಹಿಡಿದಿದ್ದ ಕೆಲಸ ಅವನಿಗೆ ನಾಲ್ಕು ರಾತ್ರಿ ಹಿಡಿಯಿತು. ಸೋಮವಾರದ ಕೆಲಸ ಮುಂದಕ್ಕೆ ಹೋಯಿತು, ಯಾರೂ ಬೇಸರಪಡಲಿಲ್ಲ.

ಇಂದು ಆ ಲಾಂಛನ ಮಹಾದ್ವಾರದ ಮೇಲಿದೆ. ಅದರ ಕಡತವು ಶಾಲೆಯ ಕಚೇರಿಯಲ್ಲಿಯೂ ಬೇರೆ ಎರಡು ಕಡೆಗಳಲ್ಲಿಯೂ ಭದ್ರವಾಗಿದೆ. ಅಂಚೆಚೀಟಿಯಷ್ಟಕ್ಕೆ ಕುಗ್ಗಿಸಿದರೂ ಆನೆಯಷ್ಟಕ್ಕೆ ಹಿಗ್ಗಿಸಿದರೂ ಅದು ಕೆಡದು. ಮೂರು ಹಳೆಯ ಅಚ್ಚುಗಳನ್ನು ಕಟ್ಟು ಹಾಕಿಸಿ ಚಿತ್ರಕಲಾ ಕೊಠಡಿಯಲ್ಲಿ ತೂಗುಹಾಕಲಾಗಿದೆ. ದ್ವಾರದಡಿ ಸಾಗುವ ಮಕ್ಕಳಲ್ಲಿ ಯಾರಾದರೊಬ್ಬರು ಒಂದು ದಿನ ತಲೆಯೆತ್ತಿ, ಎಡಗಡೆಯ ಎಲೆ ಏಕೆ ಗಿಡ್ಡವಾಗಿದೆಯೆಂದು ಕೇಳದಿರಲಾರರು. ಆಗ ಹೇಳಲು ಅಧ್ಯಾಪಕರ ಬಳಿ ಒಂದು ಕಥೆಯಿದೆ.