ನೂರು ಎಣಿಸುವ ಹೊತ್ತು

ಹಳೆಯದನ್ನು ಹೊಸ ಕಾಲಕ್ಕೆ ಹೊಂದಿಸಿಕೊಳ್ಳುವುದು ನಮ್ಮ ಹೆಂಗಸರಿಗೆ ಹೊಸ ವಿದ್ಯೆಯೇನಲ್ಲ. ಹರಿದ ಸೀರೆಗಳು ಕೌದಿಯಾಗುತ್ತವೆ. ಅತ್ತೆಯ ಕಾಲದ ಸರ ಸೊಸೆಯ ಕಿವಿಯೋಲೆಯಾಗುತ್ತದೆ. ಮಿಕ್ಸಿ ಬಂದ ಮೇಲೆ ಹಿತ್ತಲು ಸೇರಿದ ಒರಳುಕಲ್ಲು ಕೂಡ ದಾಸವಾಳದ ಕುಂಡಕ್ಕೆ ಪೀಠವಾಗಿ ಮರ್ಯಾದೆಯಿಂದ ಕೂತಿರುತ್ತದೆ. ಆದರೆ ಮೂವತ್ತು ವರ್ಷದ ಹಿಂದಿನ ಕಂಪ್ಯೂಟರ್ ಆಟವೊಂದನ್ನು ಇಂದಿನ ಕಂಪ್ಯೂಟರಿನಲ್ಲಿ ಆಡಿಸಬೇಕು ಎಂದರೆ ಕತ್ತರಿ ಎಲ್ಲಿ ಹಾಕಬೇಕು, ಹೊಲಿಗೆ ಎಲ್ಲಿ ಹಾಕಬೇಕು? ಬಿ.ಎ., ಬಿ.ಎಡ್. ಮಾಡಿ ಸಮಾಜ ವಿಜ್ಞಾನದ ಪಾಠ ಹೇಳುವ ಇವಳಿಗೆ ಈ ಉಸಾಬರಿ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಹೇಳುತ್ತೇನೆ.

ನಾನಿರುವುದು ದಾವಣಗೆರೆಯಲ್ಲಿ, ನನ್ನ ತಮ್ಮ ಹರಿಹರದಲ್ಲಿ. ನಡುವೆ 14 ಕಿಲೋಮೀಟರ್ ದಾರಿ. 1994ರಲ್ಲಿ ಅವನು ಹರಿಹರದಲ್ಲಿ ಒಂದು ಪುಟ್ಟ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಬಾಡಿಗೆಯ ಕೋಣೆ, ನಾಲ್ಕು ಕಂಪ್ಯೂಟರು, ಚಪ್ಪಲಿ ಹೊರಗೆ ಬಿಟ್ಟು ಬರಬೇಕೆಂಬ ಕಟ್ಟುನಿಟ್ಟು. ಅದು ಡಾಸ್‌ನ ಕಾಲ. ಕಪ್ಪು ಪರದೆ, ಮಿಣುಕುವ ಒಂದು ಗೆರೆ. ನಾವು ಅಕ್ಷರ ಕುಟ್ಟಿ ಅಪ್ಪಣೆ ಕೊಟ್ಟರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ಹುಡುಗರು ಪಾಠಕ್ಕಿಂತ ಹೆಚ್ಚಾಗಿ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ ಆಟಗಳ ಆಸೆಗೆ ಬರುತ್ತಿದ್ದರು. ಟೈಪಿಂಗ್ ಅಭ್ಯಾಸಕ್ಕೆ ಮಾತ್ರ ಯಾರೂ ಕೂರುತ್ತಿರಲಿಲ್ಲ. ಅದಕ್ಕೆ ನನ್ನ ತಮ್ಮ ಟರ್ಬೊ ಪ್ಯಾಸ್ಕಲ್ ಎಂಬ ಭಾಷೆಯಲ್ಲಿ ತಾನೇ ಒಂದು ಆಟ ಬರೆದ. ಮೇಲಿನಿಂದ ಇಂಗ್ಲಿಷ್ ಅಕ್ಷರಗಳು ಮಳೆಹನಿಯಂತೆ ಉದುರುತ್ತವೆ. ನೆಲ ಮುಟ್ಟುವುದರೊಳಗೆ ಅದೇ ಅಕ್ಷರದ ಗುಂಡಿ ಒತ್ತಿ ಹಿಡಿಯಬೇಕು. ಗೆದ್ದರೆ 'ಬೆಣ್ಣೆದೋಸೆ ತಿನ್ನು' ಎಂದು ಪರದೆಯ ಮೇಲೆ ಬರುತ್ತಿತ್ತು, ಸೋತರೆ 'ಮಂಡಕ್ಕಿ ತಿನ್ನು'. ಕನ್ನಡದ ಮಾತು, ಇಂಗ್ಲಿಷ್ ಲಿಪಿ. ಹುಡುಗರಿಗೆ ಅಷ್ಟು ಸಾಕಾಗಿತ್ತು. ದಿನವೂ ಸಾಲುಗಟ್ಟಿ ನಿಲ್ಲುತ್ತಿದ್ದರು.

ಕ್ಲಾಸು ಕೆಲವು ವರ್ಷ ನಡೆದು ನಿಂತಿತು. ತಮ್ಮ ಬೇರೆ ಕೆಲಸ ಹಿಡಿದ. ಫ್ಲಾಪಿಗಳು ಬಿಸ್ಕತ್ತಿನ ಡಬ್ಬಿ ಸೇರಿ ಅಟ್ಟ ಹತ್ತಿದವು.

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಬಲಗೈ ಸೋತಿತು. ವ್ಯಾಯಾಮ ಮಾಡಿಸಲು ಬರುವವರು ಬೆರಳಿಗೆ ಕೆಲಸ ಕೊಡಿ ಎಂದು ರಬ್ಬರ್ ಚೆಂಡು ಕೊಟ್ಟು ಹೋದರು. ಅವನು ಅದನ್ನು ಮುಟ್ಟಲಿಲ್ಲ. "ಅಕ್ಕ, ನಾನೇನು ಕೂಸಾ, ಚೆಂಡು ಹಿಡ್ಕಂಡು ಕೂರಾಕೆ?" ಎಂದು ಗೋಡೆಯ ಕಡೆ ಮುಖ ತಿರುಗಿಸಿದ. ಅವನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಆಗ ನನಗೆ ಆ ಬಿಸ್ಕತ್ತಿನ ಡಬ್ಬಿ ನೆನಪಾಯಿತು.

ಡಬ್ಬಿಯಲ್ಲಿ ಹನ್ನೊಂದು ಫ್ಲಾಪಿಗಳಿದ್ದವು. ಅಂಗೈಯಗಲದ ಚೌಕ, ಒಂದೊಂದರಲ್ಲಿ ಹಿಡಿಸುವುದು 1.44 ಎಂ.ಬಿ. ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದು ಕಷ್ಟ. ಇಂದಿನ ಕಂಪ್ಯೂಟರುಗಳಿಗೆ ಫ್ಲಾಪಿ ತೂರಿಸುವ ಬಾಯೇ ಇಲ್ಲ. ಅದರ ನೆನಪು ಮಾತ್ರ ಒಂದು ಕಡೆ ಉಳಿದಿದೆ: ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಡ್ರೈವುಗಳ ಹೆಸರು 'ಸಿ'ಯಿಂದ ಶುರುವಾಗುವುದನ್ನು ನೋಡಿರಬಹುದು. 'ಎ' ಮತ್ತು 'ಬಿ' ಫ್ಲಾಪಿಗಳ ಪಾಲಿನವು. ತೀರಿಹೋದ ಹಿರಿಯರಿಗೆ ಎಡೆ ಇಟ್ಟಂತೆ ಆ ಎರಡು ಅಕ್ಷರಗಳನ್ನು ಇನ್ನೂ ಬಿಟ್ಟಿದ್ದಾರೆ. ಬೆಂಗಳೂರಿನ ನನ್ನ ಮಗಳು ಯುಎಸ್‌ಬಿಗೆ ಸಿಕ್ಕಿಸುವ ಫ್ಲಾಪಿ ಡ್ರೈವ್ ಒಂದನ್ನು ತರಿಸಿ ಕಳಿಸಿದಳು. ಹನ್ನೊಂದರಲ್ಲಿ ಏಳಕ್ಕೆ ಬೂಷ್ಟು ಹಿಡಿದಿತ್ತು. ಮೂರು ಕರಕರ ಸದ್ದು ಮಾಡಿ ಸುಮ್ಮನಾದವು. ಉಳಿದ ಒಂದರಲ್ಲಿ, ನಮ್ಮ ಪುಣ್ಯಕ್ಕೆ, ಆ ಆಟವಿತ್ತು.

ಇನ್ನೇನು ಮುಗಿಯಿತು ಎಂದುಕೊಂಡು ತೆರೆಯಹೋದರೆ, ಈ ಕಂಪ್ಯೂಟರಿನಲ್ಲಿ ಇದು ನಡೆಯುವುದಿಲ್ಲ ಎಂಬ ಉತ್ತರ ಬಂತು. ಡಾಸ್ ಕಾಲದ ಆಟಗಳು 16 ಬಿಟ್ ಎಂಬ ಲೆಕ್ಕದವು. ಈಗಿನ ವಿಂಡೋಸ್ 64 ಬಿಟ್‌ನದು. ಅದಕ್ಕೆ ಆ ಹಳೆಯ ಮಾತು ತಿಳಿಯುವುದಿಲ್ಲ. 2021ರಲ್ಲಿ ಬಂದ ವಿಂಡೋಸ್ 11 ಅಂತೂ 64 ಬಿಟ್‌ನಲ್ಲಿ ಮಾತ್ರ ಸಿಗುತ್ತದೆ. ಮೊಮ್ಮಗಳಿಗೆ ಮುತ್ತಜ್ಜಿಯ ಮಾತು ತಿಳಿಯದ ಹಾಗೆ.

ಪಕ್ಕದ ಮನೆಯಲ್ಲಿ ವಿಂಡೋಸ್ ಎಕ್ಸ್‌ಪಿಯ ಹಳೆಯ ಕಂಪ್ಯೂಟರ್ ಒಂದಿತ್ತು. ಅದರಲ್ಲಿ ಹಾಕಿದೆವು. ಆಟ ಶುರುವಾಗುವ ಮೊದಲೇ ನಿಂತಿತು. ತಪ್ಪಿನ ಸಂಖ್ಯೆ 200: ಸೊನ್ನೆಯಿಂದ ಭಾಗಿಸಲಾಗಿದೆ! ಶಾಲೆಯಲ್ಲಿ ನಮ್ಮ ಗಣಿತದ ಮೇಡಂಗೆ ಹೇಳಿದಾಗ ಅವರು ನಕ್ಕುಬಿಟ್ಟರು. "ಹುಡುಗರಿಗೆ ವರ್ಷವಿಡೀ ಹೇಳ್ತೀನಿ, ಸೊನ್ನೆಯಿಂದ ಭಾಗಿಸಬಾರದು ಅಂತ. ಕಂಪ್ಯೂಟರಿಗೂ ಹೇಳ್ಬೇಕಾ?" ಅಂದರು.

ಅದರ ಒಳಗುಟ್ಟು ತಿಳಿದ ಮೇಲೆ ನನಗೆ ನಗು ಬರಲಿಲ್ಲ. ಕಣ್ಣಾಮುಚ್ಚಾಲೆ ಆಟ ನೆನಪು ಮಾಡಿಕೊಳ್ಳಿ. ಕಣ್ಣು ಮುಚ್ಚಿಕೊಂಡವಳು ನೂರರವರೆಗೆ ಎಣಿಸಬೇಕು. ಅಷ್ಟರಲ್ಲಿ ಉಳಿದವರು ಅಡಗಬೇಕು. ನಿಧಾನವಾಗಿ ಎಣಿಸುವವಳಾದರೆ ಅಟ್ಟ ಹತ್ತಿ ಕೂರಬಹುದು. ಬಾಯಿಬಡುಕಿಯೊಬ್ಬಳು ಗಬಗಬನೆ ಎಣಿಸಿ ಮುಗಿಸಿದರೆ ಕಂಬದ ಹಿಂದೆ ಹೋಗಲೂ ಸಮಯವಿರುವುದಿಲ್ಲ. ಡಾಸ್‌ನ ಅನೇಕ ಆಟಗಳಲ್ಲಿ ಕಾಲವನ್ನು ಅಳೆದದ್ದು ಹೀಗೆಯೇ. 'ಇಷ್ಟು ಸಾವಿರ ಎಣಿಸು, ಆಮೇಲೆ ಮುಂದಿನ ಹೆಜ್ಜೆ ಇಡು' ಎಂದು ಬರೆದಿರುತ್ತಿದ್ದರು. 1981ರ ಐಬಿಎಂ ಕಂಪ್ಯೂಟರಿನ ವೇಗ 4.77 ಮೆಗಾಹರ್ಟ್ಸ್. ಆ ವೇಗಕ್ಕೆ ಹೊಲಿದ ಆಟವನ್ನು ಸಾವಿರಾರು ಮೆಗಾಹರ್ಟ್ಸ್ ಯಂತ್ರಕ್ಕೆ ತೊಡಿಸಿದರೆ, ಕಣ್ಣು ಮಿಟುಕಿಸುವುದರೊಳಗೆ ಆಟವೇ ಮುಗಿದಿರುತ್ತದೆ.

ಟರ್ಬೊ ಪ್ಯಾಸ್ಕಲ್ ಮಾಡಿದವರು ಸ್ವಲ್ಪ ಜಾಣರು. ಆಟ ಶುರುವಾಗುವ ಮುಂಚೆ ಕಂಪ್ಯೂಟರಿಗೆ ಒಂದು ಪರೀಕ್ಷೆ ಇಟ್ಟರು. ಸೆಕೆಂಡಿನ ಹದಿನೆಂಟನೇ ಒಂದು ಪಾಲಿನಲ್ಲಿ ನೀನು ಎಷ್ಟು ಎಣಿಸುತ್ತೀ ನೋಡೋಣ ಎಂದು ಕೇಳಿ, ಬಂದ ಲೆಕ್ಕವನ್ನು ಭಾಗಿಸಿ ಬರೆದಿಟ್ಟುಕೊಳ್ಳುವುದು. ಅದರಂತೆ ಆಟದ ಗತಿ ಹೊಂದಿಸುವುದು. ಆದರೆ ಬರೆದಿಡುವ ಮನೆಯಲ್ಲಿ 65,535ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುತ್ತಿರಲಿಲ್ಲ. ವೇಗದ ಕಂಪ್ಯೂಟರುಗಳು ಬಂದು ಅದಕ್ಕೂ ಮೀರಿ ಎಣಿಸಿಬಿಟ್ಟಾಗ ಪಾವಿನಲ್ಲಿ ಖಂಡುಗ ಸುರಿದಂತಾಯಿತು. ಸೊನ್ನೆಯಿಂದ ಭಾಗಿಸಿದ ಮಾತೇ ಸುಳ್ಳು. ಹೊಸಬರ ವೇಗ ಹಳಬರ ಅಳತೆಗೆ ಸಿಗಲಿಲ್ಲ, ಅಷ್ಟೆ. ಆಟದಲ್ಲಿ ಒಂದು ಅಕ್ಷರವೂ ಕೆಟ್ಟಿರಲಿಲ್ಲ.

ನಮ್ಮ ದಾವಣಗೆರೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಊರಿಗೆ ಊರೇ ಮಿಲ್ಲಿನ ಕೂಗಿಗೆ ಏಳುತ್ತಿತ್ತು, ಉಣ್ಣುತ್ತಿತ್ತು. ಅವ್ವ ಗಡಿಯಾರ ನೋಡಿದವಳಲ್ಲ. ಮಿಲ್ಲು ಕೂಗಿದರೆ ಒಲೆ ಹಚ್ಚುವಳು. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಎಷ್ಟೋ ದಿನ ಅವಳಿಗೆ ಹೊತ್ತೇ ತಿಳಿಯುತ್ತಿರಲಿಲ್ಲ. ಅವಳ ಅಡಿಗೆ ಕೆಟ್ಟಿರಲಿಲ್ಲ. ಹೊತ್ತು ಹೇಳುವ ಕೂಗು ನಿಂತಿತ್ತು.

ದಾರಿ ತೋರಿಸಿದವಳು ಮತ್ತೆ ಮಗಳೇ. "ಅಮ್ಮ, ಆಟಾನ ರಿಪೇರಿ ಮಾಡೋಕೆ ಹೋಗ್ಬೇಡ. ಡಾಸ್‌ಬಾಕ್ಸ್ ಹಾಕ್ಕೋ" ಅಂದಳು. ಡಾಸ್‌ಬಾಕ್ಸ್ 2002ರಿಂದ ದುಡ್ಡಿಲ್ಲದೆ ಸಿಗುತ್ತಿರುವ ತಂತ್ರಾಂಶ. ಅದು ಹೊಸ ಕಂಪ್ಯೂಟರಿನ ಒಳಗೆ ಒಂದು ಹಳೆಯ ಕಂಪ್ಯೂಟರಿನ ವೇಷ ಕಟ್ಟುತ್ತದೆ. ಹರಿಹರದವರಿಗೆ ಇದೇನು ಸೋಜಿಗವಲ್ಲ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ನಿಂತಿಲ್ಲವೇ?

ಕೆಲಸ ಸುಲಭದ್ದು. ಆಟವನ್ನು ಒಂದು ಫೋಲ್ಡರಿನಲ್ಲಿ ಇಟ್ಟು, ಡಾಸ್‌ಬಾಕ್ಸ್ ತೆರೆದು, 'ಮೌಂಟ್ ಸಿ' ಎಂದು ಟೈಪು ಮಾಡಿ ಆ ಫೋಲ್ಡರಿನ ವಿಳಾಸ ಕೊಡಬೇಕು. ಆಮೇಲೆ 'ಸಿ' ಮತ್ತು ಎರಡು ಚುಕ್ಕೆ, ಅದರ ಮುಂದಿನ ಸಾಲಿನಲ್ಲಿ ಆಟದ ಹೆಸರು. ಕಿಟಕಿಯ ನೆತ್ತಿಯ ಮೇಲೆ ವೇಗದ ಅಂಕಿ ಕಾಣುತ್ತದೆ, ಸಾಮಾನ್ಯವಾಗಿ 3000. ಕಂಟ್ರೋಲ್ ಗುಂಡಿ ಹಿಡಿದು ಎಫ್11 ಒತ್ತಿದರೆ ವೇಗ ಇಳಿಯುತ್ತದೆ, ಎಫ್12 ಒತ್ತಿದರೆ ಏರುತ್ತದೆ. ಹಿಂದೆ ಕಂಪ್ಯೂಟರಿನ ಡಬ್ಬಿಯ ಮೇಲೆಯೇ 'ಟರ್ಬೊ' ಎಂಬ ಗುಂಡಿ ಇರುತ್ತಿತ್ತು. ಹೆಸರು ವೇಗದ್ದು, ಆದರೆ ಅದನ್ನು ಇಟ್ಟಿದ್ದೇ ಬೇಕಾದಾಗ ಹೊಸ ಯಂತ್ರವನ್ನು ನಿಧಾನ ಮಾಡಿ ಹಳೆಯ ಆಟಗಳಿಗೆ ಒಗ್ಗಿಸಲಿಕ್ಕೆ.

ಕಪ್ಪು ಪರದೆ ಬಂತು. ಅಕ್ಷರಗಳು ಉದುರಿದವು. ತಮ್ಮ ಗೋಡೆಯ ಕಡೆಯಿಂದ ಈಚೆ ತಿರುಗಿದ. ಒಂದು ಅಕ್ಷರಕ್ಕೆ ಬೆರಳು ಎತ್ತುವಷ್ಟರಲ್ಲಿ ನಾಲ್ಕು ನೆಲಕ್ಕೆ ಬಿದ್ದವು. "ಮಂಡಕ್ಕಿ ತಿನ್ನು" ಎಂದಿತು ಅವನೇ ಬರೆದ ಆಟ. ಅವನ ಮುಖ ಸಣ್ಣದಾಯಿತು. ನಾನು ಎಫ್11 ಒತ್ತುತ್ತ ಹೋದೆ. ಅಂಕಿ 2000ಕ್ಕಿಂತ ಕೆಳಗಿಳಿಯಿತು, ಇನ್ನೂ ಇಳಿಯಿತು. ಕಾಲು ಗಂಟೆಯ ಹೊತ್ತಿಗೆ ಅವನ ತೋರುಬೆರಳು ಒಂದು 'ಜೆ'ಯನ್ನು ನೆಲ ಮುಟ್ಟುವ ಮುಂಚೆ ಹಿಡಿಯಿತು.

2012ರಲ್ಲಿ ಅಮೆರಿಕದಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ ಮಾಡಿದ ಜೋರ್ಡನ್ ಮೆಕ್ನರ್ ಅವರಿಗೂ ಅವರ ತಂದೆಯ ಮನೆಯಿಂದ ಹಳೆಯ ಫ್ಲಾಪಿಗಳ ಪೆಟ್ಟಿಗೆ ಬಂತಂತೆ. ಆ ಆಟದ ಮೂಲ ಬರಹ ಅದರಲ್ಲಿತ್ತು. ರಾಜಕುಮಾರನ ಓಟ, ಜಿಗಿತಕ್ಕೆ ಅವರು ತಮ್ಮ ತಮ್ಮನನ್ನೇ ಓಡಿಸಿ ಚಿತ್ರೀಕರಿಸಿಕೊಂಡಿದ್ದರು. ಆಟಗಳನ್ನು ಉಳಿಸುವವರು ಉಳಿಸುವುದು ಬರೀ ಆಟವನ್ನಲ್ಲ ಎಂದು ನನಗೆ ಆಗ ಅನ್ನಿಸಿತು.

ನಮ್ಮ ಆಟದ ಕೊನೆಗೂ ಒಂದು ಪಟ್ಟಿ ಬಂತು. ಹೆಚ್ಚು ಅಂಕ ಗಳಿಸಿದ ಹತ್ತು ಜನರ ಹೆಸರು, ಫ್ಲಾಪಿಯಲ್ಲಿ ಇದ್ದ ಹಾಗೆಯೇ. ಒಂಬತ್ತು ಹುಡುಗರ ಹೆಸರು. ಹತ್ತನೆಯದು 'ಅವ್ವ', 31. ಒಂದು ಸಂಜೆ ಕ್ಲಾಸು ಮುಗಿದ ಮೇಲೆ ತಮ್ಮ ಅವಳನ್ನು ಕೂರಿಸಿ, ಇಂಗ್ಲಿಷ್ ಬಾರದ ಅವಳಿಗೆ ಚಿತ್ರ ನೋಡಿ ಗುಂಡಿ ಒತ್ತು ಎಂದು ಆಡಿಸಿದ್ದನಂತೆ. ಅವ್ವ ಹೋಗಿ ಹನ್ನೆರಡು ವರ್ಷವಾಯಿತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ರೋಗಿಯ ಮನೆಯಲ್ಲಿ ಎಲ್ಲರಿಗೂ ಅವಸರ. ಬೇಗ ಉಣ್ಣು, ಬೇಗ ಏಳು, ಬೇಗ ಗುಣವಾಗು. ಅದೂ ಪ್ರೀತಿಯೇ. ಆದರೆ ಸೋತವನ ಕೈ ವೇಗವಾಗಲಿ ಎಂದು ಕಾಯುವುದಕ್ಕಿಂತ, ಸರಿಯಾಗಿರುವವರು ನಾಲ್ಕು ಸಲ ಎಫ್11 ಒತ್ತಿಕೊಳ್ಳುವುದು ಸುಲಭ. ಹಿಂದಿನ ಬೆಂಚಿನ ಮಕ್ಕಳಿಗೆ ಪಾಠ ಹೇಳುವಾಗಲೂ ನಾವು ಮೇಷ್ಟ್ರುಗಳು ಮಾಡುವುದು ಇದನ್ನೇ ತಾನೆ?

ಈಗ ಭಾನುವಾರಗಳಂದು ಹರಿಹರದ ಬಸ್ಸು ಹತ್ತುತ್ತೇನೆ. ರಬ್ಬರ್ ಚೆಂಡು ಕೂಡ ಕೈಗೆ ಬಂದಿದೆ; ಆಟದ ಮುಂಚೆ ಹತ್ತು ಸಲ ಅದುಮಬೇಕೆಂದು ಅವನೇ ನಿಯಮ ಮಾಡಿಕೊಂಡಿದ್ದಾನೆ. ಎಫ್12 ಒತ್ತುವ ಅಧಿಕಾರ ಅವನದು ಮಾತ್ರ. ಇದುವರೆಗೆ ಮೂರು ಸಲ ಒತ್ತಿದ್ದಾನೆ. ಮೊನ್ನೆ 19 ಅಂಕ ಬಂತು. ನಾನು ಚಪ್ಪಾಳೆ ತಟ್ಟಿದರೆ ಬೈದ.

"ಸುಮ್ನಿರಕ್ಕ. ಅವ್ವನ್ನ ದಾಟಾಕೆ ಇನ್ನೂ ಭಾಳ ಐತೆ."